ಮಂಡ್ಯದ ಕಬ್ಬಿಗೆ ಕಾರ್ಖಾನೆಯ ದಾರಿ ತೋರಿದ ಕೆನಡಾದ ಶಿಲೀಂಧ್ರ ವಿಜ್ಞಾನಿ

ಬಿಡದಿ: ಬೆಂಗಳೂರು-ಮೈಸೂರು ಹೆದ್ದಾರಿಯ ಮಗ್ಗುಲಲ್ಲಿರುವ ಬಿಡದಿಗೆ ಎಥೆನಾಲ್ ಎಂಬ ಪದ ಈಗ ಅಪರಿಚಿತವಲ್ಲ. ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ 1999ರಿಂದ ವಾಹನ ತಯಾರಿಸುತ್ತಿರುವ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯು 2023ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಒಂದು ಮಾದರಿ ಕಾರನ್ನು ಪ್ರದರ್ಶಿಸಿತು. ಪೆಟ್ರೋಲಿಗೆ ಹೆಚ್ಚಿನ ಪ್ರಮಾಣದಲ್ಲಿ ಎಥೆನಾಲ್ ಬೆರೆಸಿದರೂ ಓಡಬಲ್ಲ ಹೈಬ್ರಿಡ್ ಇನ್ನೋವಾ ಅದು. ಅದೇ ಹೆದ್ದಾರಿಯಲ್ಲಿ ರಾಮನಗರ, ಚನ್ನಪಟ್ಟಣ, ಮದ್ದೂರು ದಾಟಿ ಮುಂದೆ ಸಾಗಿದರೆ ಮಂಡ್ಯ. ಅಲ್ಲಿ ಎಥೆನಾಲ್‌ನ ಮೂಲವಸ್ತುವಾದ ಕಬ್ಬಿನ ಗದ್ದೆಗಳು, ಅದರ ನಡುವೆ ಒಂಬತ್ತು ದಶಕಗಳ ಹಿಂದಿನ ಸಕ್ಕರೆ ಕಾರ್ಖಾನೆ.

ಕಾರಿನ ಟ್ಯಾಂಕಿಗೂ ಕಬ್ಬಿನ ಗದ್ದೆಗೂ ನಡುವಣ ಈ ನಂಟಿನ ಬುಡವನ್ನು ಹುಡುಕಿಕೊಂಡು ಹೋದರೆ ಎದುರಾಗುವ ಹೆಸರುಗಳಲ್ಲಿ ಒಂದು, ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರದು. ಮೈಸೂರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರು. ವೃತ್ತಿಯಿಂದ ಶಿಲೀಂಧ್ರ ಮತ್ತು ಕೀಟಗಳ ತಜ್ಞರು. ಜನ್ಮತಃ ಕೆನಡಾದವರು. ಮಲೆನಾಡಿನ ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಮುನ್ನ ಇಂದಿಗೂ ಸಿಂಪಡಿಸುವ ಬೋರ್ಡೋ ದ್ರಾವಣದ ಹಿಂದೆ ಅವರಿದ್ದಾರೆ. ಹೆಬ್ಬಾಳದ ಕೃಷಿ ಶಿಕ್ಷಣದ ಹಿಂದೆ ಅವರಿದ್ದಾರೆ. ಬಾಳೆಹೊನ್ನೂರಿನ ಕಾಫಿ ಸಂಶೋಧನೆಯ ಹಿಂದೆ ಅವರಿದ್ದಾರೆ. ಮಂಡ್ಯದ ‘ಮೈಷುಗರ್’ ಹಿಂದೆಯೂ ಅವರಿದ್ದಾರೆ. ಸರ್ ಎಂ. ವಿಶ್ವೇಶ್ವರಯ್ಯ, ಸರ್ ಮಿರ್ಜಾ ಇಸ್ಮಾಯಿಲ್ ಅವರ ಹೆಸರುಗಳು ನಾಲಿಗೆಯ ಮೇಲೆ ನಲಿಯುವಷ್ಟು ಕೋಲ್ಮನ್ ಹೆಸರು ನಗರದ ಓದುಗರ ನೆನಪಿನಲ್ಲಿ ಉಳಿದಿಲ್ಲ. ಆದರೆ ರೈತರ ಬದುಕಿನಲ್ಲಿ ಅವರ ಕೆಲಸ ಉಳಿದಿದೆ.

ಒಂಟಾರಿಯೊದಿಂದ ಮೈಸೂರಿಗೆ

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನವನ್ನು ಅಭ್ಯಾಸ ಮಾಡಿ, ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಯ ಗಟಿಂಗೆನ್‌ಗೆ ತೆರಳಿದರು. ಅಲ್ಲಿ ಡಾಕ್ಟರೇಟ್ ಪಡೆದದ್ದು ಮಣ್ಣಿನ ಸೂಕ್ಷ್ಮಜೀವಿಗಳ ಕುರಿತ ಸಂಶೋಧನೆಗೆ. ಬರಿಗಣ್ಣಿಗೆ ಕಾಣದ ಜೀವಿಗಳು ಹೊಲದ ಭವಿಷ್ಯವನ್ನು ನಿರ್ಧರಿಸುತ್ತವೆ ಎಂಬ ತಿಳಿವಳಿಕೆ ಯುರೋಪಿನಲ್ಲಿ ಆಗಷ್ಟೇ ಬಲಗೊಳ್ಳುತ್ತಿದ್ದ ಕಾಲವದು.

ಅತ್ತ ಮೈಸೂರು ಸಂಸ್ಥಾನದಲ್ಲಿಯೂ ಬೇಸಾಯಕ್ಕೆ ವಿಜ್ಞಾನದ ಬಲ ಕೊಡುವ ಯತ್ನ ಆರಂಭವಾಗಿತ್ತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು 1899ರಲ್ಲಿ ಬೆಂಗಳೂರಿನ ಹೆಬ್ಬಾಳದ ಬಳಿ 30 ಎಕರೆ ಭೂಮಿಯನ್ನು ಪ್ರಯೋಗ ಕ್ಷೇತ್ರಕ್ಕಾಗಿ ನೀಡಿದ್ದರು. ಕೃಷಿ ರಸಾಯನಶಾಸ್ತ್ರಜ್ಞ ಡಾ. ಲೆಹ್ಮನ್ ಅಲ್ಲಿ ಮಣ್ಣು ಮತ್ತು ಗೊಬ್ಬರಗಳ ಪರೀಕ್ಷೆ ನಡೆಸುತ್ತಿದ್ದರು. ಆದರೆ ಬೆಳೆಯನ್ನು ತಿನ್ನುವ ಹುಳುವಿಗೂ ಕೊಳೆಸುವ ರೋಗಕ್ಕೂ ರಸಾಯನಶಾಸ್ತ್ರವೊಂದೇ ಉತ್ತರ ಕೊಡಲಾರದು. ಶಿಲೀಂಧ್ರ ಮತ್ತು ಕೀಟಗಳೆರಡನ್ನೂ ಬಲ್ಲ ತಜ್ಞರು ಬೇಕಾಗಿತ್ತು. ಆ ಹುದ್ದೆಗೆ 1908ರಲ್ಲಿ ಬಂದವರೇ ಕೋಲ್ಮನ್. ಆಗ ಅವರಿಗೆ ಇನ್ನೂ ಮೂವತ್ತರ ಹರೆಯ.

ಕೊಳೆರೋಗದ ಬೆನ್ನು ಹತ್ತಿ

ಸಂಸ್ಥಾನದ ಮಲೆನಾಡು ಆಗ ಒಂದು ರೋಗಕ್ಕೆ ಸಿಕ್ಕಿ ತತ್ತರಿಸುತ್ತಿತ್ತು. ಮುಂಗಾರಿನ ಮಳೆ ಹಿಡಿದೊಡನೆ ಅಡಿಕೆಯ ಎಳೆಗಾಯಿಗಳು ಕೊಳೆತು ಉದುರತೊಡಗುತ್ತಿದ್ದವು. ಮಲೆನಾಡಿಗರು ಇದನ್ನು ಕೊಳೆರೋಗ ಎಂದರು. ದಕ್ಷಿಣ ಕನ್ನಡದಲ್ಲಿ ಇದು ಮಹಾಳಿ. ಗೊನೆಗಳಿಗೆ ಮಳೆನೀರು ತಾಗದಂತೆ ಕೊಟ್ಟೆ ಕಟ್ಟುವುದೊಂದೇ ಆಗ ಬಳಕೆಯಲ್ಲಿದ್ದ ಉಪಾಯ. ಮರ ಹತ್ತಿ ಒಂದೊಂದು ಗೊನೆಗೂ ಮುಸುಕು ಹಾಕುವ ಈ ಕೆಲಸಕ್ಕೆ ನುರಿತ ಆಳುಗಳು ಬೇಕು, ಖರ್ಚೂ ಹೆಚ್ಚು. ಸಣ್ಣ ಹಿಡುವಳಿದಾರನ ಕೈಗೆ ಅದು ಎಟುಕುತ್ತಿರಲಿಲ್ಲ.

ಕೋಲ್ಮನ್ ಈ ರೋಗದ ಮೂಲವನ್ನು ಹುಡುಕಿದರು. ಕಾಯಿಯನ್ನು ಕೊಳೆಸುತ್ತಿದ್ದುದು ಫೈಟಾಫ್ತೊರಾ ಗುಂಪಿಗೆ ಸೇರಿದ ಜೀವಿ ಎಂದು ಗುರುತಿಸಿ, ಅದರ ಜೀವನಕ್ರಮವನ್ನು ವಿವರಿಸಿ 1910ರಲ್ಲಿ ಇಲಾಖೆಯ ಪ್ರಕಟಣೆಯನ್ನು ಹೊರತಂದರು. ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ 1840ರ ದಶಕದಲ್ಲಿ ಮಹಾಕ್ಷಾಮಕ್ಕೆ ಕಾರಣವಾದ ರೋಗಾಣುವಿನ ಹತ್ತಿರದ ಸಂಬಂಧಿ ಇದು. ಅಂದಿನ ವಿಜ್ಞಾನ ಇದನ್ನು ಶಿಲೀಂಧ್ರವೆಂದೇ ಪರಿಗಣಿಸಿತ್ತು. ರೂಪದಲ್ಲಿ ಶಿಲೀಂಧ್ರವನ್ನು ಹೋಲಿದರೂ ವಂಶದಲ್ಲಿ ಅದು ಬೇರೆ ಎಂಬುದು ನಂತರದ ಸಂಶೋಧನೆಯಿಂದ ತಿಳಿದುಬಂತು.

ರೋಗ ತಿಳಿದ ಮೇಲೆ ಮದ್ದು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವೇ ಬೋರ್ಡೋ ದ್ರಾವಣ. ಆದರೆ ಫ್ರಾನ್ಸಿನ ಮಳೆಗೂ ಆಗುಂಬೆಯ ಮಳೆಗೂ ಹೋಲಿಕೆಯೆಲ್ಲಿ? ದಿನಗಟ್ಟಲೆ ಸುರಿಯುವ ಮಳೆಯಲ್ಲಿ ಸಿಂಪಡಿಸಿದ ಮದ್ದು ತೊಳೆದುಹೋದರೆ ಶ್ರಮವೆಲ್ಲ ವ್ಯರ್ಥ. ಕೋಲ್ಮನ್ ದ್ರಾವಣಕ್ಕೆ ಅಂಟು ಪದಾರ್ಥವನ್ನು ಸೇರಿಸಿ, ಅದು ಕಾಯಿಯ ಮೇಲೆ ಕಚ್ಚಿಕೊಂಡು ನಿಲ್ಲುವಂತೆ ಮಾಡಿದರು. ಮಳೆ ಆರಂಭವಾಗುವ ಮುನ್ನವೇ ಮೊದಲ ಸಿಂಪಡಣೆ ಮುಗಿಯಬೇಕು ಎಂಬ ಕ್ರಮವೂ ರೂಢಿಗೆ ಬಂತು. ರೈತ ತಾನೇ ಕಲಸಿಕೊಳ್ಳಬಹುದಾದ, ಅಗ್ಗದ ಮದ್ದು ಇದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ತೀರ್ಥಹಳ್ಳಿ, ಶೃಂಗೇರಿ, ಸಾಗರಗಳ ತೋಟಗಳಲ್ಲಿ ಇಂದಿಗೂ ಬಾಯಿಪಾಠ. ಕಾಫಿಯ ಕೊಳೆರೋಗದ ಹತೋಟಿಗೂ ಇದೇ ದ್ರಾವಣ ನೆರವಾಯಿತು.

ಮಿಡತೆಗೆ ಅವರ ಹೆಸರು

ಮಲೆನಾಡಿನಲ್ಲಿ ಕೊಳೆರೋಗವಾದರೆ ಬಯಲುಸೀಮೆಯಲ್ಲಿ ಮಿಡತೆ. ರೆಕ್ಕೆಯಿಲ್ಲದ ಒಂದು ಜಾತಿಯ ಮಿಡತೆ ಜೋಳದ ಹೊಲಗಳಿಗೆ ಹಿಂಡುಹಿಂಡಾಗಿ ನುಗ್ಗಿ ಬೆಳೆಯನ್ನು ಬೋಳಿಸುತ್ತಿತ್ತು. ಕೋಲ್ಮನ್ ಮತ್ತು ಅವರ ಸಹಾಯಕರಾಗಿದ್ದ ಕೀಟತಜ್ಞ ಕೆ. ಕುಂಞಿಕಣ್ಣನ್ ಈ ಕೀಟದ ಜೀವನಚಕ್ರವನ್ನು ಅಧ್ಯಯನ ಮಾಡಿದರು. ವಿಜ್ಞಾನಕ್ಕೆ ಹೊಸದಾಗಿದ್ದ ಈ ಮಿಡತೆಗೆ ಸ್ಪೇನಿನ ಕೀಟವಿಜ್ಞಾನಿ ಬೊಲಿವಾರ್ 1910ರಲ್ಲಿ ನಾಮಕರಣ ಮಾಡುವಾಗ ಕೋಲ್ಮನ್ ಅವರ ಹೆಸರನ್ನೇ ಆರಿಸಿಕೊಂಡರು. ಅಂದಿನಿಂದ ಅದು ‘ಕೋಲ್ಮೇನಿಯಾ’. ಹಾರಲಾರದ ಕೀಟವಾದ್ದರಿಂದ ಬಲೆ-ಚೀಲಗಳಲ್ಲಿ ಹಿಡಿದು ನಾಶಪಡಿಸುವ ಸರಳ ಉಪಾಯವನ್ನು ರೈತರಿಗೆ ಕಲಿಸಲಾಯಿತು.

ಸಂಸ್ಥಾನದ ಬೊಕ್ಕಸಕ್ಕೆ ಆಧಾರವಾಗಿದ್ದ ಶ್ರೀಗಂಧದ ಮರಗಳನ್ನು ಬಾಧಿಸುತ್ತಿದ್ದ ಸ್ಪೈಕ್ ರೋಗದ ಮೇಲೂ ಅವರು ಗಮನ ಹರಿಸಿದರು. ರೋಗವಿರುವ ಮರದ ಕೊಂಬೆಯನ್ನು ಆರೋಗ್ಯವಂತ ಮರಕ್ಕೆ ಕಸಿ ಕಟ್ಟಿದರೆ ರೋಗ ದಾಟುತ್ತದೆ ಎಂಬುದನ್ನು 1917ರ ಹೊತ್ತಿಗೆ ತೋರಿಸಿಕೊಟ್ಟರು. ಇದರಿಂದ ಈ ರೋಗ ಸಾಂಕ್ರಾಮಿಕ ಎಂಬುದು ಸ್ಪಷ್ಟವಾಯಿತು. ಅದಕ್ಕೆ ಕಾರಣವಾದ ಅತಿಸೂಕ್ಷ್ಮ ಜೀವಿ ಪತ್ತೆಯಾಗಲು ಮತ್ತೆ ಅರ್ಧ ಶತಮಾನ ಬೇಕಾಯಿತು.

ಹೆಬ್ಬಾಳದಿಂದ ಹಳ್ಳಿಗೆ

ಸರ್ ಎಂ. ವಿಶ್ವೇಶ್ವರಯ್ಯ 1912ರಲ್ಲಿ ದಿವಾನರಾದ ಮೇಲೆ ಸಂಸ್ಥಾನದ ಕೃಷಿ ಚಟುವಟಿಕೆಗಳು ಒಂದು ಪೂರ್ಣ ಇಲಾಖೆಯ ಸ್ವರೂಪ ಪಡೆದವು. ಅದರ ಮೊದಲ ನಿರ್ದೇಶಕರಾಗಿ ಕೋಲ್ಮನ್ 1913ರಲ್ಲಿ ಅಧಿಕಾರ ವಹಿಸಿಕೊಂಡರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಪ್ರಯೋಗಾಲಯದ ಫಲಿತಾಂಶ ಇಂಗ್ಲಿಷ್ ವರದಿಗಳಲ್ಲಿ ಉಳಿದರೆ ಹೊಲಕ್ಕೆ ಅದರಿಂದ ಉಪಯೋಗವಿಲ್ಲ. ಅದನ್ನು ರೈತನ ಅಂಗಳಕ್ಕೆ ಒಯ್ಯುವ ತರಬೇತಿ ಪಡೆದ ತರುಣರು ಬೇಕು ಎಂಬುದು ಈ ಶಾಲೆಯ ಹಿಂದಿನ ಆಶಯ. ಆ ಶಾಲೆ ಮುಂದೆ ಕಾಲೇಜಾಯಿತು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಪರಂಪರೆ ಈ ಹೆಬ್ಬಾಳದ ನೆಲದಿಂದಲೇ ಆರಂಭವಾಗುತ್ತದೆ.

ರಾಮನಗರ, ಕನಕಪುರ, ಮಾಗಡಿ ಸೀಮೆಯ ಜನರಿಗೆ ನೇರವಾಗಿ ಸಂಬಂಧಿಸಿದ ಕೆಲಸವೆಂದರೆ ರಾಗಿಯದು. ಬಡವರ ಅನ್ನವೆಂದು ಅಧಿಕಾರಿ ವರ್ಗ ಕಡೆಗಣಿಸಬಹುದಾಗಿದ್ದ ಈ ಬೆಳೆಯನ್ನು ಕೋಲ್ಮನ್ ಅವರ ಇಲಾಖೆ ಮೊದಲಿನಿಂದಲೇ ಗಂಭೀರವಾಗಿ ಪರಿಗಣಿಸಿತು. ರೈತರ ಹೊಲಗಳ ಮಿಶ್ರ ತಳಿಗಳಿಂದ ಉತ್ತಮವಾದವನ್ನು ಆಯ್ದು, ಶುದ್ಧಗೊಳಿಸಿ, ಬೆಳೆಸಿ ನೋಡುವ ಕಾರ್ಯ 1913ರ ಸುಮಾರಿಗೆ ಆರಂಭವಾಯಿತು. ಅದರ ಫಲವಾಗಿ ಎಚ್ 22 ಎಂಬ ತಳಿ 1918ರಲ್ಲಿ ರೈತರ ಕೈ ಸೇರಿತು. ಮೈಸೂರು ಸಂಸ್ಥಾನದ ರಾಗಿ ಬೇಸಾಯದ ಕುರಿತು ಕೋಲ್ಮನ್ 1920ರಲ್ಲಿ ಒಂದು ವಿವರವಾದ ಪುಸ್ತಿಕೆಯನ್ನೇ ಬರೆದರು. ಕಾಫಿಯ ಸಂಶೋಧನೆಗಾಗಿ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕೇಂದ್ರ ಸ್ಥಾಪನೆಯಾಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಮೂಲ ಇದೇ.

ನಾಲೆ ಬಂತು, ನೀರು ಬಂತು, ಮುಂದೇನು?

ಕೋಲ್ಮನ್ ಅವರ ವೃತ್ತಿಜೀವನದ ಅತ್ಯಂತ ದೊಡ್ಡ ಪರೀಕ್ಷೆ ಬಂದದ್ದು ನಿವೃತ್ತಿಯ ಸಮೀಪದಲ್ಲಿ. ಕನ್ನಂಬಾಡಿಯಲ್ಲಿ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ನಿರ್ಮಾಣ ಎರಡು ದಶಕಗಳ ಬಳಿಕ ಪೂರ್ಣಗೊಂಡಿತು. ಅದರ ಎಡದಂಡೆಯಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಬರಡು ನೆಲಕ್ಕೆ ಕಾವೇರಿಯನ್ನು ತಂದಿತು. ಮಂಡ್ಯ ಆಗ ಇನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಅದು ಜಿಲ್ಲೆಯಾದದ್ದು 1939ರಲ್ಲಿ.

ಸಂಸ್ಥಾನ ಅಪಾರ ಹಣವನ್ನು ಅಣೆಕಟ್ಟೆಗೂ ನಾಲೆಗೂ ಸುರಿದಿತ್ತು. ನೀರು ಹರಿದರಷ್ಟೇ ಸಾಲದು. ಅದನ್ನು ಬಳಸುವ ಬೆಳೆ ಬೇಕು, ಬೆಳೆಯನ್ನು ಕೊಳ್ಳುವ ಮಾರುಕಟ್ಟೆ ಬೇಕು. ತಲೆಮಾರುಗಳಿಂದ ರಾಗಿ, ಜೋಳ, ಹುರುಳಿ ಬೆಳೆದ ಒಣಭೂಮಿಯ ರೈತ ಒಮ್ಮೆಲೇ ನೀರಾವರಿಗೆ ಹೊಂದಿಕೊಳ್ಳುವುದು ಸುಲಭವೇ? ನೀರಿನ ಜೊತೆಗೇ ಮಲೇರಿಯಾ ಕೂಡ ಬಂದಿತ್ತು. ಮೇಲಾಗಿ ಅದು ಜಗತ್ತಿನಾದ್ಯಂತ ಆರ್ಥಿಕ ಕುಸಿತದ ಕಾಲ. ಧಾನ್ಯದ ಬೆಲೆ ನೆಲಕಚ್ಚಿತ್ತು. ಭತ್ತವೊಂದನ್ನೇ ನಂಬಿದ್ದರೆ ರೈತನ ಸಾಲವೂ ತೀರುತ್ತಿರಲಿಲ್ಲ, ಸರ್ಕಾರದ ಬಂಡವಾಳವೂ ಹಿಂದಿರುಗುತ್ತಿರಲಿಲ್ಲ.

ಉತ್ತರ ಕಬ್ಬಿನಲ್ಲಿತ್ತು. ಮೈಸೂರು ಸೀಮೆಗೆ ಕಬ್ಬು ಹೊಸದಲ್ಲ. ರಸದಾಳಿ, ಪಟ್ಟಾಪಟ್ಟಿ ಮುಂತಾದ ನಾಡತಳಿಗಳನ್ನು ಕೆರೆಯ ಬಯಲಿನಲ್ಲಿ ಬೆಳೆದು ಆಲೆಮನೆಯಲ್ಲಿ ಬೆಲ್ಲ ತೆಗೆಯುವುದು ಹಳೆಯ ಕಸುಬು. ಆದರೆ ಕಾರ್ಖಾನೆಗೆ ಬೇಕಾದದ್ದು ಹೆಚ್ಚು ಇಳುವರಿ, ಹೆಚ್ಚು ಸಕ್ಕರೆ ಅಂಶ ಮತ್ತು ರೋಗ ತಡೆಯುವ ಗುಣ. ಕೊಯಮತ್ತೂರಿನಲ್ಲಿ 1912ರಲ್ಲಿ ಸ್ಥಾಪನೆಯಾದ ಕಬ್ಬು ತಳಿ ಕೇಂದ್ರದ ಸಂಕರ ತಳಿಗಳು ದೇಶದ ಕಬ್ಬಿನ ಬೇಸಾಯವನ್ನು ಬದಲಿಸತೊಡಗಿದ್ದವು. ಹೆಬ್ಬಾಳದಲ್ಲಿಯೂ ಕಬ್ಬಿನ ತಳಿ ಅಭಿವೃದ್ಧಿ ನಡೆಯಿತು. ಹೆಬ್ಬಾಳ-ಮೈಸೂರು ಎಂಬುದನ್ನು ಸೂಚಿಸುವ ಎಚ್‌ಎಂ ಸರಣಿಯ ತಳಿಗಳು ಅಲ್ಲಿಂದಲೇ ಬಂದವು. ಅವುಗಳಲ್ಲಿ ಎಚ್‌ಎಂ 320 ಹೆಸರಾಯಿತು. ನಾಲೆಯ ಬಯಲಿಗೆ ತಕ್ಕ ಬೇಸಾಯ ಕ್ರಮವನ್ನು ಪರೀಕ್ಷಿಸಲು ಮಂಡ್ಯದಲ್ಲೇ ಸಂಶೋಧನಾ ಕ್ಷೇತ್ರ ತಲೆಯೆತ್ತಿತು. ಅದೇ ಇಂದಿನ ವಿ.ಸಿ. ಫಾರಂ.

ಇನ್ನು ಕಾರ್ಖಾನೆ. ಜಾವಾದಿಂದ ಬರುತ್ತಿದ್ದ ಅಗ್ಗದ ಸಕ್ಕರೆಯ ಎದುರು ದೇಶೀ ಸಕ್ಕರೆ ನಿಲ್ಲುವುದು ಕಷ್ಟವಾಗಿತ್ತು. ಬ್ರಿಟಿಷ್ ಇಂಡಿಯಾ ಸರ್ಕಾರ 1932ರಲ್ಲಿ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ನೀಡುವ ಕಾಯ್ದೆಯನ್ನು ಜಾರಿಗೆ ತಂದಿತು. ಆ ಅವಕಾಶವನ್ನು ಮೈಸೂರು ಕೈಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತ, ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿ, ವಿಶ್ವೇಶ್ವರಯ್ಯನವರ ಪ್ರೇರಣೆ, ಕೋಲ್ಮನ್ ಅವರ ಕೃಷಿ ಪರಿಜ್ಞಾನ ಒಂದೆಡೆ ಕೂಡಿದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಅಸ್ತಿತ್ವಕ್ಕೆ ಬಂತು. ಸರ್ಕಾರದ ಬಂಡವಾಳದ ಜೊತೆಗೆ ರೈತರೂ ಷೇರುದಾರರಾದರು. ಕಬ್ಬು ಬೆಳೆಯುವವನಿಗೂ ಕಾರ್ಖಾನೆಯಲ್ಲಿ ಪಾಲಿರಬೇಕೆಂಬುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ.

ಎಂಜಿನಿಯರರು ನೀರನ್ನು ತಂದರು, ಆಡಳಿತಗಾರರು ಹಣವನ್ನು ತಂದರು. ಆ ನೀರು ಮತ್ತು ಹಣಕ್ಕೆ ತಕ್ಕ ಬೆಳೆಯನ್ನು ಗದ್ದೆಯಲ್ಲಿ ನಿಲ್ಲಿಸಿ ತೋರಿಸಿದ್ದು ಕೃಷಿ ಇಲಾಖೆ. ಮಂಡ್ಯ ‘ಸಕ್ಕರೆ ನಾಡು’ ಎನಿಸಿಕೊಂಡದ್ದು ಹೀಗೆ.

ಕಾಕಂಬಿಯಿಂದ ಇಂಧನ

ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು, ಮಂದವಾದ ದ್ರವವೇ ಕಾಕಂಬಿ. ಸುಂಕದ ರಕ್ಷಣೆ ದೊರೆತ ಮೇಲೆ ದೇಶದಲ್ಲಿ ಸಕ್ಕರೆ ಕಾರ್ಖಾನೆಗಳು ಅಣಬೆಯಂತೆ ಎದ್ದವು. ಕೆಲವೇ ವರ್ಷಗಳಲ್ಲಿ ಅವುಗಳ ಸಂಖ್ಯೆ ನೂರನ್ನು ಮೀರಿತು. ಕಾಕಂಬಿ ಎಲ್ಲೆಡೆ ಗುಡ್ಡೆ ಬಿದ್ದು, ಅದನ್ನು ಎಲ್ಲಿ ಸುರಿಯುವುದೆಂಬುದೇ ಸಮಸ್ಯೆಯಾಯಿತು. ಆದರೆ ಅದರಲ್ಲಿ ಇನ್ನೂ ಸಾಕಷ್ಟು ಸಕ್ಕರೆ ಅಂಶವಿದೆ. ನೀರು ಬೆರೆಸಿ ಯೀಸ್ಟ್ ಹಾಕಿ ಹುದುಗಿಸಿ ಬಟ್ಟಿ ಇಳಿಸಿದರೆ ಒಂದು ಟನ್ ಕಾಕಂಬಿಯಿಂದ ಸುಮಾರು 220ರಿಂದ 250 ಲೀಟರ್ ಆಲ್ಕೊಹಾಲ್ ದೊರೆಯುತ್ತದೆ. ಅದರಲ್ಲಿನ ನೀರಿನಂಶವನ್ನು ಪೂರ್ತಿ ತೆಗೆದರೆ ಪೆಟ್ರೋಲಿನೊಡನೆ ಬೆರೆಸಬಹುದು. ಇದನ್ನು ಅಂದಿನವರು ಪವರ್ ಆಲ್ಕೊಹಾಲ್ ಎಂದು ಕರೆದರು. ಇಂದಿನ ಇಂಧನ ಎಥೆನಾಲ್ ಅದೇ.

ಬ್ರೆಜಿಲ್ 1931ರಲ್ಲಿಯೇ ಆಮದು ಪೆಟ್ರೋಲಿಗೆ ಶೇ 5ರಷ್ಟು ಆಲ್ಕೊಹಾಲ್ ಬೆರೆಸುವುದನ್ನು ಕಡ್ಡಾಯಗೊಳಿಸಿತ್ತು. ಭಾರತದಲ್ಲಿ ಈ ದಾರಿಯಲ್ಲಿ ಮೊದಲು ಹೆಜ್ಜೆಯಿಟ್ಟವುಗಳಲ್ಲಿ ಮೈಸೂರು ಸಂಸ್ಥಾನವೂ ಒಂದು. ಎರಡನೇ ಮಹಾಯುದ್ಧದ ವೇಳೆ ಪೆಟ್ರೋಲಿಗೆ ಪಡಿತರ ವಿಧಿಸಿದಾಗ, ಮಂಡ್ಯದ ಕಾಕಂಬಿಯ ಆಲ್ಕೊಹಾಲ್ ಇಂಧನವಾಗಿಯೂ ಬಳಕೆಗೆ ಬಂತು. ಸ್ವಾತಂತ್ರ್ಯಾನಂತರ 1948ರಲ್ಲಿ ಕೇಂದ್ರ ಸರ್ಕಾರ ಪವರ್ ಆಲ್ಕೊಹಾಲ್ ಕಾಯ್ದೆಯನ್ನೇ ತಂದಿತು. ಆದರೆ ಅಗ್ಗದ ಪೆಟ್ರೋಲ್ ಮತ್ತೆ ಹರಿದುಬಂದಾಗ ಕಾಕಂಬಿ ಮದ್ಯ ಹಾಗೂ ರಾಸಾಯನಿಕಗಳ ಕಡೆಗೆ ತಿರುಗಿತು. ಬಳಕೆಯಿಲ್ಲದೆ ಉಳಿದ ಆ ಕಾಯ್ದೆ 2000ದಲ್ಲಿ ರದ್ದಾಯಿತು. ವಿಚಿತ್ರವೆಂದರೆ, ಅದಾದ ಮೂರೇ ವರ್ಷಕ್ಕೆ, 2003ರ ಜನವರಿಯಲ್ಲಿ, ಕರ್ನಾಟಕವೂ ಸೇರಿದಂತೆ 9 ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇ 5ರ ಎಥೆನಾಲ್ ಬೆರೆಸುವ ಕಾರ್ಯಕ್ರಮ ಆರಂಭವಾಯಿತು. 2025ರ ಹೊತ್ತಿಗೆ ಈ ಪ್ರಮಾಣ ಶೇ 20ನ್ನು ಮುಟ್ಟಿತು.

ಕೋಲ್ಮನ್ ಈ ಬೆಳವಣಿಗೆಗಳನ್ನು ಮೈಸೂರಿನಲ್ಲಿದ್ದು ಕಾಣಲಿಲ್ಲ. ಕಾರ್ಖಾನೆ ನೆಲೆ ನಿಲ್ಲುವ ಹೊತ್ತಿಗೆ, 1934ರಲ್ಲಿ, ಅವರು ಸೇವೆಯಿಂದ ನಿವೃತ್ತರಾಗಿ ತಾಯ್ನಾಡಿಗೆ ಮರಳಿದರು. ವಿಶ್ರಾಂತಿಯ ವಯಸ್ಸಿನಲ್ಲೂ ಸೂಕ್ಷ್ಮದರ್ಶಕವನ್ನು ಕೈಬಿಡಲಿಲ್ಲ. ಟೊರಾಂಟೊದಲ್ಲಿ ಸಸ್ಯಗಳ ಮತ್ತು ಮಿಡತೆಗಳ ಜೀವಕೋಶಗಳಲ್ಲಿನ ವರ್ಣತಂತುಗಳ ಅಧ್ಯಯನದಲ್ಲಿ ತೊಡಗಿ, 1940ರ ದಶಕದಲ್ಲಿಯೂ ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದರು. 1954ರಲ್ಲಿ ನಿಧನರಾದರು.

ಕೊಳೆಸುವ ಗುಣವೇ ವರವಾದಾಗ

ಕೋಲ್ಮನ್ ಕಬ್ಬಿನ ಸಿಪ್ಪೆಯಿಂದ ಎಥೆನಾಲ್ ತೆಗೆಯುವ ವಿದ್ಯೆಯ ಮೇಲೆ ಕೆಲಸ ಮಾಡಿದವರಲ್ಲ. ಆದರೆ ಅವರು ಜೀವನದುದ್ದಕ್ಕೂ ಕಂಡ ಒಂದು ಸಂಗತಿಯೇ ಇಂದು ಆ ವಿದ್ಯೆಗೆ ತಳಹದಿ. ಅಡಿಕೆಯನ್ನು ಕೊಳೆಸುವ ರೋಗಾಣು ಕಾಯಿಯ ಗಟ್ಟಿ ಅಂಗಾಂಶವನ್ನು ಹೊಕ್ಕುವುದು ಹೇಗೆ? ಅದು ಕಿಣ್ವಗಳನ್ನು ಒಸರಿಸಿ ಸಸ್ಯದ ಕೋಶಭಿತ್ತಿಯನ್ನು ಕರಗಿಸುತ್ತದೆ. ಆ ಭಿತ್ತಿಯ ಮುಖ್ಯ ವಸ್ತು ಸೆಲ್ಯುಲೋಸ್. ಸಾವಿರಾರು ಗ್ಲುಕೋಸ್ ಕಣಗಳು ಸರಪಳಿಯಂತೆ ಹೆಣೆದುಕೊಂಡ ನಾರು ಅದು. ಸರಪಳಿಯನ್ನು ಕತ್ತರಿಸಿದರೆ ಸಕ್ಕರೆ, ಸಕ್ಕರೆಯನ್ನು ಹುದುಗಿಸಿದರೆ ಎಥೆನಾಲ್.

ಈ ಕತ್ತರಿಯನ್ನು ಉದ್ಯಮಕ್ಕೆ ಒದಗಿಸಿದ್ದು ಇನ್ನೊಂದು ಶಿಲೀಂಧ್ರ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೇನೆಯ ಹತ್ತಿಯ ಡೇರೆ, ಬಟ್ಟೆಗಳು ಬೂಸ್ಟು ಹಿಡಿದು ಕೊಳೆಯುತ್ತಿದ್ದವು. ಕಾರಣ ಹುಡುಕಲು ಹೊರಟ ಸೇನೆಯ ವಿಜ್ಞಾನಿಗಳಿಗೆ ಅಲ್ಲಿ ಸಿಕ್ಕಿದ್ದು ಟ್ರೈಕೋಡರ್ಮಾ ಎಂಬ ಹಸಿರು ಬೂಸ್ಟು. ಅದರ ಕಿಣ್ವಗಳ ಅಧ್ಯಯನದಲ್ಲಿ ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ದಶಕಗಳನ್ನು ಕಳೆದರು. ರೀಸ್ ಅವರ ಗೌರವಾರ್ಥ 1977ರಲ್ಲಿ ಆ ಶಿಲೀಂಧ್ರಕ್ಕೆ ಟ್ರೈಕೋಡರ್ಮಾ ರೀಸೈ ಎಂದು ಹೆಸರಿಡಲಾಯಿತು. ಜಗತ್ತಿನಲ್ಲಿ ಮಾರಾಟವಾಗುವ ಸೆಲ್ಯುಲೇಸ್ ಕಿಣ್ವದ ಬಹುಪಾಲಿಗೆ ಇದರ ಸುಧಾರಿತ ತಳಿಗಳೇ ಆಧಾರ.

ಕೇಳಲು ಸರಳ, ಮಾಡಲು ಕಠಿಣ. ಕಡ್ಡಿಯಲ್ಲಿ ಸೆಲ್ಯುಲೋಸ್ ಒಂಟಿಯಾಗಿರುವುದಿಲ್ಲ. ಅದನ್ನು ಲಿಗ್ನಿನ್ ಎಂಬ ಗಟ್ಟಿ ವಸ್ತು ಗಾರೆಯಂತೆ ಹಿಡಿದಿರುತ್ತದೆ. ಮೊದಲು ಹಬೆ, ಒತ್ತಡ ಅಥವಾ ಸೌಮ್ಯ ಆಮ್ಲದಿಂದ ಈ ಗಾರೆಯನ್ನು ಸಡಿಲಿಸಬೇಕು. ಬಳಿಕ ಕಿಣ್ವ ಬೆರೆಸಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕು. ಹೊರಬರುವ ಸಕ್ಕರೆಗಳಲ್ಲಿ ಸಾಮಾನ್ಯ ಯೀಸ್ಟ್ ಹುದುಗಿಸಲಾರದ ಬಗೆಯೂ ಇರುತ್ತದೆ. ಅದಕ್ಕೆ ವಿಶೇಷ ಯೀಸ್ಟ್ ಬೇಕು. ಕಿಣ್ವದ ಬೆಲೆ, ಕಡ್ಡಿಯ ಸಾಗಣೆ, ಯಂತ್ರೋಪಕರಣಗಳ ವೆಚ್ಚ ಎಲ್ಲವೂ ಕೂಡಿ ಈ ಎಥೆನಾಲ್ ಕಾಕಂಬಿಯ ಎಥೆನಾಲ್‌ಗಿಂತ ದುಬಾರಿಯಾಗುತ್ತದೆ. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸ್ಥಾಪಿಸಿದ ಘಟಕ 2022ರ ಆಗಸ್ಟ್‌ನಲ್ಲಿ ಲೋಕಾರ್ಪಣೆಗೊಂಡಿತು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥೆನಾಲ್ ತೆಗೆಯುವುದು ಅದರ ಗುರಿ. ಕರ್ನಾಟಕದಲ್ಲಿ ಹರಿಹರ ತಾಲ್ಲೂಕಿನಲ್ಲಿ ಇಂಥದೇ ಘಟಕಕ್ಕೆ ಎಂಆರ್‌ಪಿಎಲ್ ಯೋಜನೆ ರೂಪಿಸಿತು.

ಹುಲ್ಲು ಯಾರದು?

ಬಿಡದಿಯಂಥ ಊರಿನ ದೃಷ್ಟಿಯಿಂದ ಇಲ್ಲೊಂದು ಪ್ರಶ್ನೆಯಿದೆ. ಪಂಜಾಬ್, ಹರಿಯಾಣಗಳಲ್ಲಿ ಭತ್ತದ ಹುಲ್ಲನ್ನು ಗದ್ದೆಯಲ್ಲೇ ಸುಡುತ್ತಾರೆ. ಆದ್ದರಿಂದ ಅಲ್ಲಿ ಅದು ತ್ಯಾಜ್ಯ. ಆದರೆ ರಾಮನಗರ, ಮಾಗಡಿ, ಕನಕಪುರಗಳಲ್ಲಿ ರಾಗಿ ಹುಲ್ಲು ತ್ಯಾಜ್ಯವಲ್ಲ. ಹಿತ್ತಿಲಿನ ಮೆದೆಯಲ್ಲಿ ಒಟ್ಟಿಟ್ಟ ಆ ಹುಲ್ಲೇ ಬೇಸಿಗೆಯಲ್ಲಿ ಹಸುಗಳ ಆಹಾರ, ಹಾಲಿನ ಡೇರಿಯಿಂದ ಬರುವ ಬಟವಾಡೆಯ ಆಧಾರ. ಅದನ್ನು ಇಂಧನಕ್ಕೆ ಎಳೆದರೆ ಹೈನುಗಾರಿಕೆಗೆ ಪೆಟ್ಟು. ಕಬ್ಬಿನ ಸಿಪ್ಪೆಯ ಕಥೆಯೂ ಸಲೀಸಲ್ಲ. ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕಿಲೋ ಹಸಿ ಸಿಪ್ಪೆ ಉಳಿಯುತ್ತದೆ. ಬಹುತೇಕ ಕಾರ್ಖಾನೆಗಳಲ್ಲಿ ಅದು ಬಾಯ್ಲರಿಗೆ ಉರುವಲು, ಅದರಿಂದಲೇ ಹಬೆ ಮತ್ತು ವಿದ್ಯುತ್. ಇಂಧನಕ್ಕೆ ಸಿಗುವುದು ಆ ಬಳಕೆ ಕಳೆದು ಉಳಿದದ್ದು ಮಾತ್ರ.

ನೀರಿನ ಪ್ರಶ್ನೆಯಂತೂ ಇನ್ನೂ ಕಠಿಣ. ಕಾವೇರಿ ಕಣಿವೆಯಲ್ಲಿ ಮಳೆ ಕೈಕೊಟ್ಟ ವರ್ಷ ಕಬ್ಬಿಗೆ ನೀರು ಬಿಡಬೇಕೇ, ಬೆಂಗಳೂರಿನ ಕುಡಿಯುವ ನೀರಿಗೆ ಉಳಿಸಬೇಕೇ ಎಂಬ ಜಗ್ಗಾಟ ಹೊಸದಲ್ಲ. ವಾಹನಕ್ಕೆ ಬೇಕೆಂದು ಕಬ್ಬಿನ ವಿಸ್ತೀರ್ಣವನ್ನು ಹಿಗ್ಗಿಸಿದರೆ ಆ ಜಗ್ಗಾಟವೂ ಹಿಗ್ಗುತ್ತದೆ. ಬೆಳೆಯುತ್ತಿರುವ ಕಬ್ಬಿನಿಂದಲೇ, ಅದರ ಸಿಪ್ಪೆ ಮತ್ತು ತರಗಿನಿಂದಲೇ ಹೆಚ್ಚು ಇಂಧನ ತೆಗೆಯುವ ಶಿಲೀಂಧ್ರ ವಿದ್ಯೆಗೆ ಬೆಲೆ ಬರುವುದು ಇಲ್ಲಿಯೇ.

ಮಂಡ್ಯದ ಕಾರ್ಖಾನೆ ಕೂಡ ಏಳುಬೀಳುಗಳನ್ನು ಕಂಡಿದೆ. ನಷ್ಟ, ಹಳೆಯದಾದ ಯಂತ್ರಗಳು, ಬಾಕಿ ಪಾವತಿಯ ವಿವಾದಗಳ ನಡುವೆ 2010ರ ದಶಕದ ಕೊನೆಗೆ ಕಬ್ಬು ಅರೆಯುವ ಕೆಲಸವೇ ಕೆಲವು ವರ್ಷ ನಿಂತುಹೋಗಿತ್ತು. ಖಾಸಗಿಯವರಿಗೆ ವಹಿಸುವ ಪ್ರಸ್ತಾವ ಬಂದಾಗ ಮಂಡ್ಯದ ರೈತರು ಬೀದಿಗಿಳಿದು ವಿರೋಧಿಸಿದರು. ಕೊನೆಗೆ ಸರ್ಕಾರದ ಒಡೆತನದಲ್ಲಿಯೇ 2022ರಲ್ಲಿ ಕಾರ್ಖಾನೆ ಮತ್ತೆ ಆರಂಭವಾಯಿತು. ಕಾರ್ಖಾನೆ ಮುಚ್ಚಿದ್ದ ದಿನಗಳಲ್ಲಿ ಕಟಾವಿಗೆ ಬಂದ ಕಬ್ಬನ್ನು ದೂರದ ಕಾರ್ಖಾನೆಗಳಿಗೂ ಆಲೆಮನೆಗಳಿಗೂ ಸಾಗಿಸಬೇಕಾದ ರೈತನಿಗೆ, ತನ್ನ ಬೆಳೆಗೆ ಒಂದೇ ಬಾಗಿಲಿದ್ದರೆ ಏನಾಗುತ್ತದೆ ಎಂಬುದು ಚೆನ್ನಾಗಿ ಅರ್ಥವಾಗಿತ್ತು. ಸಕ್ಕರೆ, ಬೆಲ್ಲ, ವಿದ್ಯುತ್, ಎಥೆನಾಲ್ ಎಂದು ಹಲವು ಬಾಗಿಲುಗಳಿದ್ದಷ್ಟೂ ಆತನ ಬದುಕು ಭದ್ರ.

ಕೋಲ್ಮನ್ ಅವರ ಕಾರ್ಯವಿಧಾನವನ್ನು ಇಂದಿನ ಯೋಜಕರು ಗಮನಿಸಬೇಕಾದದ್ದು ಈ ಕಾರಣಕ್ಕೆ. ಫ್ರಾನ್ಸಿನ ಮದ್ದನ್ನು ಅವರು ಯಥಾವತ್ತಾಗಿ ಮಲೆನಾಡಿಗೆ ತರಲಿಲ್ಲ; ಇಲ್ಲಿನ ಮಳೆಗೆ ತಕ್ಕಂತೆ ತಿದ್ದಿದರು. ನಾಲೆಗೆ ನೀರು ಬಿಟ್ಟು ಕೈತೊಳೆದುಕೊಳ್ಳಲಿಲ್ಲ. ಬೆಳೆ, ತಳಿ, ಕಾರ್ಖಾನೆ ಮೂರನ್ನೂ ಒಟ್ಟಿಗೆ ಕಟ್ಟುವ ಕಾರ್ಯದಲ್ಲಿ ಪಾಲುಗೊಂಡರು. ಕಬ್ಬಿನ ಬೆನ್ನು ಹತ್ತಿದಾಗಲೂ ರಾಗಿಯನ್ನು ಮರೆಯಲಿಲ್ಲ. ಹೊರನಾಡಿನಿಂದ ಬಂದ ವಿಜ್ಞಾನಿಯೊಬ್ಬರು ಕಾಲು ಶತಮಾನ ಕಾಲ ಈ ನಾಡಿನ ಹೊಲಗಳನ್ನು ಓದಿದ ಬಗೆಯಿದು.

ಬಿಡದಿಯ ಕಾರ್ಖಾನೆಯಿಂದ ಹೊರಡುವ ಕಾರು ಯಾವ ಇಂಧನದಿಂದ ಓಡಬೇಕೆಂಬುದನ್ನು ಕಂಪನಿಗಳೂ ಸರ್ಕಾರಗಳೂ ನಿರ್ಧರಿಸುತ್ತವೆ. ಆ ಇಂಧನದ ಬೆಲೆಯಲ್ಲಿ ಮಂಡ್ಯ, ಮದ್ದೂರಿನ ಗದ್ದೆಗೆ ಎಷ್ಟು ಪಾಲು ತಲುಪುತ್ತದೆ ಎಂಬುದೂ ಅಲ್ಲಿಯೇ ನಿರ್ಧಾರವಾಗಬೇಕಿದೆ.